ಯಾರ ಕೈಯೂ ಸೋಕದ ವೈನ್

ಪೀಪಾಯಿ ಮುಚ್ಚಿದ ಕೈಯೇ ಅದನ್ನು ತೆರೆಯಬೇಕು ಎಂಬುದು ಆ ವೈನರಿಯ ಕಟ್ಟಳೆ. ಕಟ್ಟಳೆ ಮಾಡಿದವರು ವೈನರಿ ಕಟ್ಟಿದ ದೊಡ್ಡವರೇ. ಮನೆಯವರು, ಕೆಲಸದವರು, ಬೀದಿಯವರು ಎಲ್ಲರೂ ಅವರನ್ನು ದೊಡ್ಡವರು ಎಂದೇ ಕರೆಯುತ್ತಿದ್ದರು. ಆಳೇನೂ ಅಷ್ಟು ದೊಡ್ಡವರಲ್ಲ. ಸಾಲಾಗಿ ಮಲಗಿಸಿದ ಪೀಪಾಯಿಗಳ ಬೆನ್ನು ನೋಡಬೇಕಾದರೆ ಅವರಿಗೆ ಕಾಲಡಿಗೆ ಒಂದು ಮಣೆ ಬೇಕಾಗುತ್ತಿತ್ತು. ಆದರೆ ಮಾತು ದೊಡ್ಡದು, ಹಟ ಅದಕ್ಕಿಂತ ದೊಡ್ಡದು.

ವೈನರಿ ಎಂದರೆ ಒಂದು ನೆಲಮಾಳಿಗೆ, ಹತ್ತೇ ಪೀಪಾಯಿ ಎಂದಿದ್ದ ಕಾಲದಲ್ಲಿ, ಯಾರೋ ತೆರೆದದ್ದನ್ನು ಇನ್ಯಾರೋ ಅರೆಬರೆ ಮುಚ್ಚಿ, ವೈನ್ ಕೆಟ್ಟು, ನಾನಲ್ಲ ನೀನು ಎಂದು ದೊಡ್ಡ ರಂಪವಾಗಿತ್ತಂತೆ. ಅಂದಿನಿಂದ ಒಂದು ಪೀಪಾಯಿಗೆ ಒಂದೇ ಕೈ. ತುಂಬಿದವರು ಮರದ ಬಿರಡೆಯನ್ನು ಬಡಿದು ಕೂರಿಸಿ, ಬಿರಡೆಯ ಮೇಲಿಂದ ಹಲಗೆಯ ಮೇಲಕ್ಕೆ ಹಾಯುವಂತೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಬೇರೆಯವರು ಬಿರಡೆ ಅಲ್ಲಾಡಿಸಿದರೆ ಗೆರೆ ತಪ್ಪುತ್ತದೆ, ಬಣ್ಣ ಬಯಲಾಗುತ್ತದೆ. ಒಬ್ಬೊಬ್ಬರ ಗೆರೆ ಒಂದೊಂದು ಥರ. ದೊಡ್ಡವರ ಸೊಸೆಯದು ಗಿಡ್ಡ, ನೆಟ್ಟಗೆ. ದೊಡ್ಡವರದು ಉದ್ದ, ಕೊನೆಯಲ್ಲಿ ಒಂಚೂರು ಬಲಕ್ಕೆ ಕೊಂಕು.

ಕಟ್ಟಳೆಯೇನೋ ಚೆನ್ನಾಗಿತ್ತು. ಮುಚ್ಚಿದವರು ಸತ್ತುಹೋದರೆ ಏನು ಮಾಡಬೇಕೆಂದು ಮಾತ್ರ ಅದರಲ್ಲಿ ಹೇಳಿರಲಿಲ್ಲ. ತಾವೂ ಒಂದು ದಿನ ಸಾಯುವವರೇ ಎಂಬಂತೆ ದೊಡ್ಡವರು ಯಾವತ್ತೂ ನಡೆದುಕೊಂಡವರಲ್ಲ.

ಸೊಸೆ ಆ ಮನೆಗೆ ಬಂದಾಗ ಅವಳಿಗೆ ಕೆಂಪು ವೈನಿಗೂ ಕೆಂಪು ಶಾಯಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಲಿಸಿದವರು ಮಾವ. ಮಗನಿಗೆ ಕಲಿಸಲು ನೋಡಿ ಸೋತು, ಆಮೇಲೆ ಸೊಸೆಗೆ ಕಲಿಸಿದರು. ಮಗ ಕೆಟ್ಟವನೇನಲ್ಲ, ಯಾವುದಕ್ಕೂ "ನಾಳೆ ನೋಡೋಣ" ಎನ್ನುವ ಜಾಯಮಾನ. ಕೆಲಸದವರು ಅವನಿಗೆ ನಾಳೆರಾಯ ಎಂದು ಹೆಸರಿಟ್ಟಿದ್ದರು. ದ್ರಾಕ್ಷಿ ನಾಳೆಯವರೆಗೆ ಕಾಯುವುದಿಲ್ಲ, ಗಿರಾಕಿ ಕಾದಾನು. ಹಾಗಾಗಿ ಅವನು ಮಾರಾಟ ನೋಡಿಕೊಂಡ. ಬೀದಿಗೆ ತೆರೆದ ಅಂಗಡಿಯ ಗಲ್ಲೆಯಲ್ಲಿ ಅತ್ತೆ ಕೂತರು. ನೆಲಮಾಳಿಗೆ ಮಾವನಿಗೂ ಸೊಸೆಗೂ ಉಳಿಯಿತು.

ಮಾವನ ಕೊನೆಯ ಪೀಪಾಯಿ ತುಂಬಿದ ದಿನ ಅವಳು ಪಕ್ಕದಲ್ಲೇ ಇದ್ದಳು. ಮಾವ ಗಾಜಿನ ಕೊಳವೆಯನ್ನು ಒಳಗಿಳಿಸಿ, ಅದರ ಮೇಲ್ಬಾಯಿಗೆ ಹೆಬ್ಬೆರಳು ಒತ್ತಿ ಮೇಲೆತ್ತಿ, ಲೋಟಕ್ಕೆ ಬಿಟ್ಟು ಅವಳ ಕೈಗೆ ಕೊಟ್ಟರು. ಹೊಸ ವೈನು, ಇನ್ನೂ ಒರಟು. ಆದರೆ ಆ ಒರಟಿನ ಹಿಂದೆ ಏನೋ ಒಂದು ಇತ್ತು. ನಾಲಿಗೆಯ ಮೇಲೆ ಹರಡಿ, ಹೋಗಲು ಮನಸ್ಸಿಲ್ಲದೆ ಅಲ್ಲೇ ಉಳಿಯಿತು. ಅವಳ ಕಣ್ಣಲ್ಲಿ ನೀರು ಬಂತು. ಯಾಕೆಂದು ಅವಳಿಗೂ ಗೊತ್ತಾಗಲಿಲ್ಲ.

"ಮಾವ, ಇದು…"

"ಹೇಳ್ಬೇಡ. ನಿಮ್ಮತ್ತೆಗಂತೂ ಸುಳಿವೂ ಕೊಡ್ಬೇಡ. ನಾನೂ ಈ ಸಲ ತುಟಿ ಬಿಚ್ಚಲ್ಲ. ಹದಕ್ಕೆ ಬರ್ಲಿ, ಸುಮ್ನೆ ಹೋಗಿ ಮುಂದಿಡ್ತೀನಿ. ಆ ಎಡ ಹುಬ್ಬು ಎತ್ತದೇ ಇದ್ರೆ ಕೇಳು ಆಮೇಲೆ."

ಅತ್ತೆಯ ಎಡ ಹುಬ್ಬು ಆ ಮನೆಯ ಸುಪ್ರೀಂ ಕೋರ್ಟು. ಪ್ರತಿ ವರ್ಷ ಹದವಾದ ವೈನಿನ ಮೊದಲ ಲೋಟ ಹೋಗುತ್ತಿದ್ದುದು ಗಲ್ಲೆಯಲ್ಲಿ ಕೂತ ಅತ್ತೆಗೆ. ಎರಡೇ ಗುಟುಕು. ಅವರು ಕುಡಿಯುವಾಗ ಮಾವ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಅತ್ತೆ ಬಾಯಿ ಒರೆಸಿಕೊಂಡು "ಹೂಂ, ಪರವಾಗಿಲ್ಲ" ಎನ್ನುತ್ತಿದ್ದರು. ಮದುವೆಯಾದ ವರ್ಷದ ವೈನಿಗೆ ಒಂದೇ ಒಂದು ಸಲ ಆ ಹುಬ್ಬು ಮೇಲೆದ್ದಿತ್ತಂತೆ. ಅದನ್ನು ಮತ್ತೆ ಎಬ್ಬಿಸುವುದರಲ್ಲೇ ಮಾವನ ಆಯಸ್ಸು ಕಳೆಯಿತು.

ಆ ಪೀಪಾಯಿ ತುಂಬಿದ ವಾರವೇ ಮಾವ ಅಂಗಳದಲ್ಲಿ ಬೂಟಿನ ಲೇಸು ಕಟ್ಟಲು ಬಗ್ಗಿದವರು ಏಳಲೇ ಇಲ್ಲ.

ವೈನಿನ ಮನೆಯಲ್ಲಿ ಹುಟ್ಟದವರಿಗೆ ಇಲ್ಲೊಂದು ಮಾತು ಹೇಳಬೇಕು. ಮರ ಉಸಿರಾಡುತ್ತದೆ. ಪೀಪಾಯಿಯೊಳಗಿನ ವೈನು ಮರದ ಮೂಲಕ ದಿನದಿನವೂ ಒಂದಿಷ್ಟು ಆರಿಹೋಗುತ್ತದೆ, ಹೋದಷ್ಟು ಜಾಗದಲ್ಲಿ ಗಾಳಿ ಬಂದು ಕೂರುತ್ತದೆ. ಗಾಳಿ ಕೂತ ವೈನು ಹುಳಿಯುತ್ತದೆ, ಹುಳಿದು ಹುಳಿದು ಅಡುಗೆಮನೆಯ ವಿನೆಗರ್ ಆಗುತ್ತದೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆಯಾದರೂ ಬಿರಡೆ ತೆಗೆದು, ಉದ್ದ ಮೂತಿಯ ಕ್ಯಾನಿನಿಂದ ಬೇರೆ ವೈನು ಸುರಿದು, ಬಾಯಿಮಟ್ಟ ತುಂಬಿ ಮತ್ತೆ ಮುಚ್ಚಬೇಕು. ಹಸು ಕರೆಯುವುದನ್ನು ಹೇಗೆ ತಪ್ಪಿಸುವಂತಿಲ್ಲವೋ ಇದನ್ನೂ ತಪ್ಪಿಸುವಂತಿಲ್ಲ. ಈ ಕೆಲಸಕ್ಕೆಂದೇ ಮಾವ ಆ ಪೀಪಾಯಿಯದೇ ವೈನನ್ನು ಒಂದು ದೊಡ್ಡ ಗಾಜಿನ ಜಾಡಿಯಲ್ಲಿ ಎತ್ತಿಟ್ಟಿದ್ದರು. ಸಾವಿನ ಮನೆಯ ಗಡಿಬಿಡಿಯಲ್ಲಿ ಯಾರೋ ಪುಣ್ಯಾತ್ಮರು ಬಂದವರಿಗೆಲ್ಲ ಆ ಜಾಡಿಯನ್ನೇ ಬಗ್ಗಿಸಿದರು. ಅತ್ತವರು ಕುಡಿದರು, ಕುಡಿದವರು ಅತ್ತರು, ಜಾಡಿ ತೊಳೆದಿಟ್ಟಷ್ಟು ಖಾಲಿಯಾಯಿತು.

ಅತ್ತೆ ಆಮೇಲೆ ನೆಲಮಾಳಿಗೆಗೆ ಇಳಿಯಲು ಶುರು ಮಾಡಿದರು. ಮಂಡಿನೋವೆಂದು ಎಷ್ಟೋ ವರ್ಷಗಳಿಂದ ಆ ಮೆಟ್ಟಿಲ ಕಡೆ ತಲೆ ಹಾಕದಿದ್ದವರು, ಈಗ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಗೋಡೆ ಹಿಡಿದುಕೊಂಡು ಬಂದು ಆ ಪೀಪಾಯಿಯ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದರು. ಅಳುತ್ತಿರಲಿಲ್ಲ. ಜ್ವರ ಇಳಿದಿದೆಯೇ ಎಂದು ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಒಂದಿಷ್ಟು ಹೊತ್ತು ನಿಂತು, ಬಂದ ಹಾಗೇ ಮೆಟ್ಟಿಲು ಹತ್ತುತ್ತಿದ್ದರು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆ ಧೈರ್ಯ ಮಾಡಿ ಬಾಯಿ ಬಿಟ್ಟಳು.

"ಅತ್ತೆ, ಇದನ್ನ ಒಂದ್ಸಲ ತೆಗೆದು ತುಂಬಿಸ್ಬೇಕಲ್ಲ."

"ಏನು ತುಂಬಿಸೋದು? ಅವರೇ ತುಂಬಿ ಮುಚ್ಚಿದಾರಲ್ಲ."

"ಅದು ಇಳಿಯುತ್ತೆ ಅತ್ತೆ. ಇಳಿದಷ್ಟು ಹಾಕ್ತಾ ಇರ್ಬೇಕು. ಇಲ್ದಿದ್ರೆ ಕೆಡುತ್ತೆ. ಮಾವನೂ ಹಾಕ್ತಿದ್ರು."

"ಅವರದಕ್ಕೆ ಅವರು ಹಾಕ್ತಿದ್ರು. ಈಗ ನೀನು ಏನು ಹಾಕ್ತೀಯ?"

"ನನ್ನ ಪೀಪಾಯಿದು ಇದೆ. ಅದೇ ತೋಟದ ದ್ರಾಕ್ಷಿ, ಅದೇ ವರ್ಷದ್ದು…"

"ಅಂದ್ರೆ ಅವರ ಕೈಯಲ್ಲಿ ನಿನ್ನ ಕೈ ಬೆರೆಸ್ತೀಯ." ಅತ್ತೆಯ ದನಿ ಏರಲಿಲ್ಲ. ಏರಿದ್ದರೆ ಸೊಸೆಗೆ ಎದುರಾಡಲು ಸುಲಭವಾಗುತ್ತಿತ್ತು. "ಹೀಗೇ ಬೆರೆಸ್ತಾ ಬೆರೆಸ್ತಾ ಹೋದ್ರೆ ಕೊನೆಗೆ ಅವರದು ಅಂತ ಉಳಿಯೋದೇನಮ್ಮ? ಬಿರಡೆನಾ? ಒಂದು ಪೀಪಾಯಿಗೆ ಒಂದೇ ಕೈ ಅಂತ ಹೇಳಿದ್ದು ಯಾರು? ನಾನಾ?"

ಹೇಳಿದ್ದು ಮಾವನೇ. ಇಡೀ ಪೀಪಾಯಿಗೆ ಎರಡು ಬಿಂದಿಗೆ ಸೇರಿದರೆ ಅದು ಮಾವನದಲ್ಲದೆ ಹೋಗುವುದಿಲ್ಲ ಎಂದು ಹೇಳಬಹುದಿತ್ತು. ಮಾವ ಇದ್ದಿದ್ದರೆ ತಮ್ಮ ಕಟ್ಟಳೆಯನ್ನು ತಾವೇ ಮುರಿದು ನಗುತ್ತಿದ್ದರು ಎಂದೂ ಹೇಳಬಹುದಿತ್ತು. ಆದರೆ ಗಂಡ ಸತ್ತು ತಿಂಗಳು ಕಳೆದಿರದ ಹೆಂಗಸು ಪೀಪಾಯಿಯ ಮೇಲೆ ಕೈಯಿಟ್ಟು ನಿಂತಿರುವಾಗ ಆ ಕೈ ತೆಗೆಯಿರಿ ಎಂದು ಹೇಳುವ ಬಾಯಿ ಯಾರಿಗಿದೆ? ಸೊಸೆಗಿರಲಿಲ್ಲ. ಗಂಡನಿಗೆ ಹೇಳಿದಳು. ಅವನು ಎಲ್ಲ ಕೇಳಿಸಿಕೊಂಡು, "ನಾಳೆ ಅಮ್ಮನ ಹತ್ರ ಮಾತಾಡ್ತೀನಿ" ಎಂದ. ಆ ನಾಳೆ ಯಾವ ಕ್ಯಾಲೆಂಡರಿನಲ್ಲೂ ಬರಲಿಲ್ಲ.

ತುಂಬಿದ ಪೀಪಾಯಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಒಳಗಿಂದ ಮುಚ್ಚಿದ ದನಿ ಬರುತ್ತದೆ. ಖಾಲಿ ಜಾಗವಿದ್ದರೆ ದನಿ ತೆಳ್ಳಗಾಗಿ ಟೊಣ್ ಎನ್ನುತ್ತದೆ. ಸೊಸೆ ತನ್ನ ಪೀಪಾಯಿಗಳಿಗೆ ತುಂಬಿಸುತ್ತ ಬಂದಾಗಲೆಲ್ಲ ಇದನ್ನೂ ತಟ್ಟುತ್ತಿದ್ದಳು. ಮೊದಮೊದಲು ಬಿರಡೆಯ ಸುತ್ತ ಎರಡು ಬೆರಳಗಲ ಟೊಣ್ ಎನ್ನುತ್ತಿತ್ತು. ಆಮೇಲೆ ಅಂಗೈಯಗಲ. ಬೇಸಿಗೆ ಕಳೆಯುವಷ್ಟರಲ್ಲಿ ಗೇಣು. ಒಳಗೆ ಒಂದು ಜೀವ ನೀರಿಲ್ಲದೆ ಒಣಗುತ್ತಿದೆ, ತಾನು ಹೊರಗೆ ಕೊಡ ಹಿಡಿದು ನಿಂತಿದ್ದೇನೆ ಎನಿಸಿ ಅವಳಿಗೆ ಅನ್ನ ಸೇರದ ದಿನಗಳಿದ್ದವು. ಮತ್ತೆ ಎರಡು ಸಲ ಅತ್ತೆಯ ಮುಂದೆ ಮಾತು ತೆಗೆದಳು. ಒಂದು ಸಲ ಅತ್ತೆ ಕೇಳಿಸದವರಂತೆ ಮೆಟ್ಟಿಲು ಹತ್ತಿದರು. ಇನ್ನೊಂದು ಸಲ, "ನಿಂಗೆ ಅವರ ಮೇಲೆ ನಂಬಿಕೆ ಇಲ್ಲ, ನಂಗಿದೆ" ಎಂದರು. ಅಲ್ಲಿಗೆ ಬಾಯಿಗೆ ಬೀಗ ಬಿತ್ತು.

ಅವಕಾಶ ಒಂದೇ ಒಂದು ಸಲ ಬಂತು. ಅತ್ತೆಯ ಕಣ್ಣಿನ ಪೊರೆ ತೆಗೆಸಲು ಮಗ ಅವರನ್ನು ಆಸ್ಪತ್ರೆಗೆ ಕರೆದೊಯ್ದ. ಇಡೀ ಮಧ್ಯಾಹ್ನ ಮನೆಯಲ್ಲಿ ಸೊಸೆ ಒಬ್ಬಳೇ. ಕ್ಯಾನು ತುಂಬಿಕೊಂಡು, ಬಿರಡೆ ಸಡಿಲಿಸುವ ಮರದ ಸುತ್ತಿಗೆ ಹಿಡಿದು, ಕಳ್ಳಿಯ ಹಾಗೆ ಕೆಳಗಿಳಿದಳು. ಗೆರೆ ಅಳಿಸಿದರೆ ಮತ್ತೆ ಎಳೆದರಾಯಿತು ಎಂದು ಸೀಮೆಸುಣ್ಣವನ್ನೂ ತಂದಿದ್ದಳು. ಕೈ ಕೂರಲೆಂದು ಪಕ್ಕದ ಖಾಲಿ ಪೀಪಾಯಿಯ ಮೇಲೆ ಮಾವನ ಗೆರೆಯನ್ನು ಎಳೆದು ನೋಡಿದಳು. ಉದ್ದ ಬಂತು, ಕೊಂಕು ಬರಲಿಲ್ಲ. ಒರೆಸಿ ಮತ್ತೆ ಎಳೆದಳು. ಕೊಂಕು ಬಂತು, ಆದರೆ ಅದು ಬೇಕೆಂದೇ ಮಾಡಿದ ಕೊಂಕು. ಮಾವನ ಕೈ ಗೆರೆಯ ಕೊನೆಗೆ ಬರುವಷ್ಟರಲ್ಲಿ ಮುಂದಿನ ಕೆಲಸದ ಕಡೆ ತಿರುಗಿರುತ್ತಿತ್ತು, ಅದಕ್ಕೇ ಆ ಓರೆ. ಅದನ್ನು ಯಾರು ತಾನೇ ಬೇಕೆಂದು ಎಳೆಯಬಲ್ಲರು?

ಹೋಗಲಿ, ಗೆರೆ ತಪ್ಪಿದರೆ ಬೈಸಿಕೊಂಡರಾಯಿತು ಎಂದು ಸುತ್ತಿಗೆ ಎತ್ತಿದಳು. ಎತ್ತಿದ ಕೈ ಇಳಿಯಲಿಲ್ಲ. ಅತ್ತೆಯ ಹೆದರಿಕೆಯಿಂದ ಎಂದು ಹೇಳಿದರೆ ಅರ್ಧ ಸುಳ್ಳಾದೀತು. ಆ ಬಿಳಿ ಗೆರೆ ನೋಡುತ್ತಿದ್ದ ಹಾಗೆ, ಮಾವ ಇನ್ನೂ ಇಲ್ಲೇ ಎಲ್ಲೋ ಇದ್ದಾರೆ, ಈಗಷ್ಟೇ ಎಳೆದು ಆಚೆ ತಿರುಗಿದ್ದಾರೆ ಎನಿಸಿತು. ಹೊಡೆದರೆ ಅದು ಮುಗಿಯುತ್ತದೆ. ವೈನು ಉಳಿಸಬೇಕೋ ಗೆರೆ ಉಳಿಸಬೇಕೋ ಎಂದು ಕೇಳಿದರೆ ಮಾವ ಇಬ್ಬರು ಹೆಂಗಸರ ತಲೆಗೂ ಮೊಟಕುತ್ತಿದ್ದರು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆಗಲಿಲ್ಲ. ಕ್ಯಾನಿನ ವೈನನ್ನು ತನ್ನ ಪೀಪಾಯಿಗೇ ಸುರಿದು ಮೇಲೆ ಬಂದಳು. ಸಂಜೆ ಅತ್ತೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವರು, ಕಾಫಿ ಕೂಡ ಬೇಡವೆಂದು, ಮಗನ ಭುಜ ಹಿಡಿದು ನೆಲಮಾಳಿಗೆಗೆ ಇಳಿದು, ಇನ್ನೊಂದು ಕಣ್ಣಿನಲ್ಲಿ ಗೆರೆ ನೋಡಿ ಬಂದರು. "ಇದೆ" ಎಂದರು, ಯಾರೂ ಕೇಳದಿದ್ದರೂ.

ಎರಡನೆಯ ವರ್ಷ ನಾಳೆರಾಯನಿಗೆ ಏನು ತಲೆಗೆ ಹೊಕ್ಕಿತೋ, ಒಂದು ಕೆಲಸವನ್ನು ಇವತ್ತೇ ಮಾಡಿದ. ಅಪ್ಪನ ನೆನಪಿಗೆ ಅಪ್ಪನ ಕೊನೆಯ ಪೀಪಾಯಿಯನ್ನು ಬಾಟಲಿಗೆ ತುಂಬಿ, 'ದೊಡ್ಡವರು' ಎಂಬ ಹೆಸರಿನಲ್ಲಿ ಹೊರತರುವುದು ಎಂದು ಸಾರಿಬಿಟ್ಟ. ಅತ್ತೆ ಒಪ್ಪಿದರು. ಅದೇ ದೊಡ್ಡ ಪವಾಡ. ಲೇಬಲ್ ಕೂಡ ಅಚ್ಚಾಗಿ ಬಂತು. ಅದರ ಮೇಲೆ ಮಾವನ ನಗುಮುಖ, ಕೆಳಗೆ ಚಿನ್ನದ ಬಣ್ಣದ ಅಕ್ಷರ: 'ದೊಡ್ಡವರು ತಮ್ಮ ಕೈಯಾರೆ ಮುಚ್ಚಿದ ಮೇಲೆ ಯಾರ ಕೈಯೂ ಸೋಕದ ಕೆಂಪು ವೈನ್.'

ಸೊಸೆ ಓದಿದಳು.

"ಹೇಗಿದೆ?" ಎಂದ ಗಂಡ. "ಸಗಟು ವ್ಯಾಪಾರಿಗೆ ತೋರಿಸ್ದೆ. ಈ ಸಾಲು ಒಂದಕ್ಕೇ ಮಾರಾಟ ಆಗುತ್ತೆ ಅಂದ್ರು."

"ಈ ಸಾಲು ಸುಳ್ಳಾಗಿದ್ರೆ ಎಷ್ಟು ಚೆನ್ನಾಗಿತ್ತು ರೀ."

"ಅಂದ್ರೆ?"

"ತಟ್ಟಿ ನೋಡಿ ಒಂದ್ಸಲ. ಮೂರನೇ ಒಂದು ಪಾಲು ಗಾಳಿ. ಅದು ವೈನಾಗಿ ಉಳಿದಿರೋಕೆ ಸಾಧ್ಯನಾ? ಜನರನ್ನ ಕರೆಯೋಕೆ ಮುಂಚೆ ಒಂದು ಲೋಟ ತೆಗೆದು ನೋಡೋಣ."

"ತಾನೇ ತೆಗೀತೀನಿ ಅಂದಿದಾಳೆ ಅಮ್ಮ. ಗಂಡನ ಕೈ ಹೋದ್ಮೇಲೆ ಹೆಂಡ್ತಿ ಕೈಗೇ ಆ ಹಕ್ಕು ಅಂತೆ. ಅಷ್ಟಾದ್ರೂ ಒಪ್ಪಿದಾಳಲ್ಲ. ಮುಂಚೆಯೇ ತೆಗೆಯೋಣ ಅಂದ್ರೆ ಇದೂ ಹೋಗುತ್ತೆ."

"ಕೆಟ್ಟಿದ್ರೆ?"

"ಕೆಟ್ಟಿದ್ರೆ ನಾಳೆ ನೋಡೋಣ" ಎಂದು ಅವನು ಲೇಬಲ್ಲಿನ ಕಟ್ಟು ಎತ್ತಿಕೊಂಡು ಹೋದ. ಅವನೂ ಅದೇ ಮನೆಯಲ್ಲಿ ಹುಟ್ಟಿದವನು. ತಟ್ಟಿದರೆ ಏನು ಕೇಳುತ್ತದೆ ಎಂದು ಅವನಿಗೂ ಗೊತ್ತು, ಅದಕ್ಕೇ ತಟ್ಟಲಿಲ್ಲ. ಕೇಳುವ ಕಿವಿಗಳೆಲ್ಲ ಕಿವುಡಾಗಲು ತೀರ್ಮಾನಿಸಿದ ಮೇಲೆ ಹೇಳುವ ಬಾಯಿ ಒಂದಿದ್ದು ಏನು ಪ್ರಯೋಜನ?

ಪೀಪಾಯಿ ತೆರೆಯುವ ದಿನ ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕಪಕ್ಕದ ಅಂಗಡಿಯವರು, ಹಳೆಯ ಕೆಲಸದವರು, ಪೀಪಾಯಿ ಮಾಡುವ ಬಡಗಿ, ಮುಂದಿನ ಸಾಲಿನಲ್ಲಿ ಸಗಟು ವ್ಯಾಪಾರಿ. ವ್ಯಾಪಾರಿಗೆ ಬಾಟಲಿ ಸೇರಿದ ಮೇಲಿನ ವೈನ್ ಮಾತ್ರ ಗೊತ್ತು, ಅದು ಚೆನ್ನಾಗಿ ಗೊತ್ತು. ಅತ್ತೆ ಕಪಾಟಿನ ತಳದಿಂದ ತೆಗೆದ ರೇಷ್ಮೆಯ ಮೇಲುವಸ್ತ್ರ ಹೊದ್ದುಕೊಂಡಿದ್ದರು. ಮಾವನ ಮಣೆಯ ಮೇಲೆ ಹತ್ತಿ ನಿಂತರು. ಸೊಸೆ ಪಕ್ಕದಲ್ಲಿ ಗಾಜಿನ ಕೊಳವೆ ಹಿಡಿದುಕೊಂಡು ನಿಂತಳು. ಏನಾದರೂ ಒಂದು ಪವಾಡವಾಗಲಿ ಎಂದು ಅವಳು ಮನಸ್ಸಿನಲ್ಲೇ ಮಾವನನ್ನು ಬೇಡಿಕೊಂಡಳು. ಬೇರೆ ಯಾರನ್ನು ಬೇಡುವುದೆಂದು ತಿಳಿಯಲಿಲ್ಲ.

ಅತ್ತೆ ಸುತ್ತಿಗೆಯಿಂದ ಬಿರಡೆಯ ಈ ಕಡೆಯೊಂದು, ಆ ಕಡೆಯೊಂದು ಏಟು ಹಾಕಿದರು. ಗೆರೆ ನಡುವಿನಲ್ಲಿ ತುಂಡಾಯಿತು. ಇನ್ನೊಂದು ಏಟಿಗೆ ಬಿರಡೆ ಸಡಿಲಿ ಕೈಗೆ ಬಂತು.

ವಾಸನೆ ಮೊದಲು ತಲುಪಿದ್ದು ಸೊಸೆಗೆ. ಮೂಗಿನ ಒಳಗೆ ಸೂಜಿ ಚುಚ್ಚಿದ ಹಾಗೆ. ಬಡಗಿ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ. ಅತ್ತೆಗೆ ಮಾತ್ರ ವಾಸನೆ ಬಂದಿತೋ ಇಲ್ಲವೋ, ಮುಖದ ತುಂಬ ನಗು ಇಟ್ಟುಕೊಂಡು, "ಹಾಕಮ್ಮ, ಮೊದಲ ಲೋಟ ನಂದು" ಎಂದರು.

ಕೊಳವೆ ಎಷ್ಟೋ ಕೆಳಗಿಳಿದ ಮೇಲೆ ವೈನು ಸಿಕ್ಕಿತು. ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಸೊಸೆ ಲೋಟಕ್ಕೆ ಬಿಟ್ಟಳು. ಒಂದೆರಡು ಹನಿ ಅತ್ತೆಯ ರೇಷ್ಮೆಯ ಮೇಲೆ ಬಿದ್ದವು. ಲೋಟವನ್ನೇ ಬೀಳಿಸಿಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಬೀಳಿಸಿದರೆ ಇನ್ನೊಂದು ಲೋಟ ಕೇಳುತ್ತಾರೆ, ಅಷ್ಟೇ.

ಅತ್ತೆ ಒಂದು ಗುಟುಕು ಕುಡಿದರು.

ಎಡ ಹುಬ್ಬು ಏಳಲಿಲ್ಲ. ಎರಡೂ ಹುಬ್ಬು ಸೇರಿ ಗಂಟಾದವು, ಕಣ್ಣು ಮುಚ್ಚಿತು. ನುಂಗಿದರು. ಅಷ್ಟಕ್ಕೇ ಬಿಟ್ಟಾರೆಂದು ಸೊಸೆ ಲೋಟಕ್ಕೆ ಕೈ ಚಾಚಿದಳು. ಅತ್ತೆ ಕೊಡಲಿಲ್ಲ. ಪ್ರತಿ ವರ್ಷ ಎರಡು ಗುಟುಕು ಕುಡಿಯುತ್ತಿದ್ದವರು, ಈ ವರ್ಷವೂ ಎರಡನೆಯದನ್ನು ಕುಡಿದರು. ಬಾಯಿ ಒರೆಸಿಕೊಂಡು, "ಹೂಂ" ಎಂದರು. "ಪರವಾಗಿಲ್ಲ" ಎನ್ನಲು ಬಾಯಿ ತೆರೆದರು. ಮಾತು ಹೊರಡಲಿಲ್ಲ.

ವ್ಯಾಪಾರಿ ತಮ್ಮ ಲೋಟವನ್ನು ಮೂಗಿನ ಹತ್ತಿರ ತಂದವರು ಅಲ್ಲಿಂದಲೇ ಇಳಿಸಿದರು. ಒಳ್ಳೆಯ ಮನುಷ್ಯ, ನೋಯಿಸಬಾರದೆಂದೇ ಮೆಲ್ಲಗೆ ಮಾತಾಡಿದರು. ಆದರೆ ಕಲ್ಲಿನ ನೆಲಮಾಳಿಗೆಯಲ್ಲಿ ಮೆಲ್ಲಗೆ ಎಂಬುದಿಲ್ಲ.

"ಮುಚ್ಚೋವಾಗ್ಲೇ ಏನೋ ಎಡವಟ್ಟಾಗಿದೆ ಬಿಡಿ. ಆಮೇಲಂತೂ ಯಾರೂ ಮುಟ್ಟಿಲ್ವಲ್ಲ. ವಯಸ್ಸಾಗಿತ್ತು ಪಾಪ, ಕೈ ಸೋತಿರುತ್ತೆ, ನಾಲಿಗೆ ಸೋತಿರುತ್ತೆ. ಎಲ್ಲರಿಗೂ ಬರೋದೇ."

ಹೌದು ಹೌದು ಎಂದು ನಾಲ್ಕು ತಲೆಗಳು ಆಡಿದವು. ಲೆಕ್ಕ ಸರಿಯಾಗಿಯೇ ಇತ್ತು. ಯಾರ ಕೈಯೂ ಸೋಕಿಲ್ಲ ಎಂದು ಚಿನ್ನದ ಅಕ್ಷರದಲ್ಲಿ ಬರೆಸಿದ ಮೇಲೆ ತಪ್ಪು ಮುಚ್ಚಿದ ಕೈಯದಲ್ಲದೆ ಇನ್ಯಾರದು? ಬಡಗಿಗೆ ನಿಜ ಗೊತ್ತಿರಬಹುದು. ಅವನು ಚಪ್ಪಲಿಯಿಂದ ಕಣ್ಣೆತ್ತಲಿಲ್ಲ. ಅನ್ನ ಕೊಟ್ಟ ಮನೆಯ ವಿಷಯ, ಅವನಿಗೇಕೆ ಬೇಕು?

ನಾಳೆರಾಯ ಹೆಂಡತಿಯ ಕಡೆ ನೋಡಿದ. ನೀರಿಗೆ ಬಿದ್ದವನು ದಡದವರನ್ನು ನೋಡುವ ನೋಟ. "ನಿಂದೊಂದು ತೆಗಿ" ಎಂದ.

ಅವಳ ಪೀಪಾಯಿಯನ್ನು ಅವಳೇ ತೆರೆಯಬೇಕು. ತೆರೆದಳು. ಬಾಯಿಮಟ್ಟ ತುಂಬಿದ್ದ ವೈನು ಬೆಳಕಿಗೆ ಫಳಕ್ಕೆಂದಿತು. ವ್ಯಾಪಾರಿ ಕುಡಿದರು, ಮತ್ತೆ ಕುಡಿದರು, ಬಾಯಿ ಚಪ್ಪರಿಸಿದರು.

"ಅಲ್ರೀ, ಇದಲ್ವಾ ವೈನ್ ಅಂದ್ರೆ! ಗುರುವನ್ನ ಮೀರಿಸಿದ ಶಿಷ್ಯೆ. ಲೇಬಲ್ ಹೇಗೂ ಅಚ್ಚಾಗಿದೆ, ಇದಕ್ಕೇ ಅಂಟಿಸಿ. ದೊಡ್ಡೋರ ಹೆಸರೂ ಉಳೀತು, ನಮ್ಮ ಗಿರಾಕಿ ಹೊಟ್ಟೆಯೂ ಉಳೀತು."

ಜನ ನಕ್ಕರು. ಬಿಗಿದ ಗಾಳಿ ಸಡಿಲಾಯಿತು. ಲೋಟಗಳು ಕೈಯಿಂದ ಕೈಗೆ ಹೋದವು. ಇಷ್ಟು ವರ್ಷದಲ್ಲಿ ಯಾರೂ ಹೊಗಳದ ಕೈಯನ್ನು ಇವತ್ತು ಎಲ್ಲರೂ ಹಿಡಿದು ಕುಲುಕುತ್ತಿದ್ದರು. ಹೊಗಳಿಕೆಯ ಒಂದೊಂದು ಮಾತೂ ಸತ್ತ ಮಾವನ ಮೇಲೆ ಒಂದೊಂದು ಹಿಡಿ ಮಣ್ಣಿನಂತೆ ಬೀಳುತ್ತಿತ್ತು. ಸೊಸೆ, "ಅಲ್ಲ, ಹಾಗಲ್ಲ" ಎಂದಳು. ವಿನಯ ಎಂದುಕೊಂಡರು. "ಮಾವನದು ಇದಕ್ಕಿಂತ ಚೆನ್ನಾಗಿತ್ತು" ಎಂದಳು. ದೊಡ್ಡ ಗುಣ ಎಂದುಕೊಂಡರು. ಅದಕ್ಕಿಂತ ಹೆಚ್ಚು ಹೇಳಬೇಕಾದರೆ ಮಣೆಯ ಮೇಲೆ ಹಾಗೇ ನಿಂತಿದ್ದ ಅತ್ತೆಯ ಕಡೆ ಬೆರಳು ಮಾಡಬೇಕಿತ್ತು.

ಎಲ್ಲರೂ ಮೇಲೆ ಹೋದರು. ಅಂಗಡಿಯಲ್ಲಿ ಬಾಟಲಿಗಳು ತಾಗುವ ಸದ್ದು, ನಾಳೆರಾಯನ ನಗು. ಬಚಾವಾದವನ ನಗು ಸ್ವಲ್ಪ ಜೋರಾಗಿಯೇ ಇರುತ್ತದೆ. ಅತ್ತೆ ಮಣೆಯಿಂದಿಳಿದು ಅದರ ಮೇಲೇ ಕೂತರು. ಮಡಿಲಲ್ಲಿ ಬಿರಡೆ ಇತ್ತು, ಮೇಲೆ ಅರ್ಧ ಗೆರೆ.

"ಬಾ ಇಲ್ಲಿ" ಎಂದರು. "ಅವರು ತುಂಬೋವಾಗ ಇದ್ದೋಳು ನೀನೊಬ್ಬಳೇ. ರುಚಿ ನೋಡಿದ್ಯಾ?"

"ನೋಡಿದ್ದೆ ಅತ್ತೆ."

"ನಿಜ ಹೇಳು. ಆವಾಗ್ಲೇ ಹೀಗಿತ್ತಾ?"

ಅತ್ತ ದರಿ, ಇತ್ತ ಪುಲಿ. ಇಲ್ಲ ಎಂದರೆ, ಮಾವನ ಕೈ ಕೊನೆಯವರೆಗೂ ಸೋತಿರಲಿಲ್ಲ, ಕೊಂದದ್ದು ನೀವು, ದಿನಾ ಬೆಳಿಗ್ಗೆ ಅಂಗೈಯಿಟ್ಟು ಕೊಂದಿರಿ ಎಂದ ಹಾಗೆ. ಹೌದು ಎಂದರೆ, ಜೀವಮಾನದ ಅತ್ಯುತ್ತಮ ವೈನು ಮಾಡಿ, ಹೆಂಡತಿಯ ಹುಬ್ಬು ನೋಡುವ ಆಸೆಯಲ್ಲಿ ಸತ್ತ ಮನುಷ್ಯನ ಮೇಲೆ ಕೊನೆಯ ಹಿಡಿ ಮಣ್ಣು ತಾನೇ ಹಾಕಿದ ಹಾಗೆ. ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಅವಳು ಮುಟ್ಟಿಲ್ಲವೆಂದು ಲೇಬಲ್ಲೇ ಸಾರುತ್ತಿತ್ತು. ಅತ್ತೆಯ ಮುಖ ನೋಡಿದಳು. ಪೊರೆ ತೆಗೆಸಿದ ಕಣ್ಣು ಎಳೆಯ ಮಗುವಿನ ಕಣ್ಣಿನಷ್ಟು ತಿಳಿಯಾಗಿತ್ತು. ಸತ್ತವರಿಗೆ ಇನ್ನು ನೋಯುವುದಿಲ್ಲ ಎಂದುಕೊಂಡಳು. ಹಾಗೆಂದುಕೊಂಡಾಗ ಅವಳಿಗೇ ನೋಯಿತು.

"ಹೂಂ ಅತ್ತೆ" ಎಂದಳು. "ಆವಾಗ್ಲೇ ಸ್ವಲ್ಪ ಹೀಗಿತ್ತು."

ಅತ್ತೆ ಬಿರಡೆಯನ್ನು ಅವಳ ಕೈಗೆ ಕೊಟ್ಟು, "ಮುಚ್ಚಿಬಿಡು" ಎಂದರು.

"ಯಾರ ಗೆರೆ ಎಳೀಲಿ ಅತ್ತೆ?"

"ನಿಂದೇ ಎಳಿ. ಇನ್ನು ಯಾರದಿದೆ?"

ಸೊಸೆ ಬಿರಡೆ ಬಡಿದಳು. ಹಳೆಯ ಗೆರೆಯ ಚೂರನ್ನು ಸೆರಗಿನಿಂದ ಒರೆಸಿ, ತನ್ನ ಗಿಡ್ಡ ಗೆರೆ ಎಳೆದಳು. ನೆಟ್ಟಗೇ ಬಂತು.

"ನಂಗೆ ಅನುಮಾನ ಇತ್ತು ಕಣೇ" ಎಂದರು ಅತ್ತೆ, ಅವಳ ಬೆನ್ನಿಗೆ. "ಪ್ರತಿ ವರ್ಷ ತುಂಬಿದ ದಿನವೇ ಗಲ್ಲೆ ಹತ್ರ ಬಂದು, ಈ ಸಲ ನೋಡೇ, ಈ ಸಲ ನೋಡೇ ಅಂತ ಕುಣಿಯೋರು. ಆ ವರ್ಷ ತುಟಿ ಬಿಚ್ಚಲಿಲ್ಲ. ಹೇಗಾಯ್ತು ಅಂತ ನಾನೇ ಕೇಳ್ದೆ. ಮುಖ ಆಚೆ ತಿರುಗಿಸಿಕೊಂಡು ಹೋದ್ರು. ಕೆಟ್ಟಿದೆ ಅಂತ ಅವರಿಗೂ ಗೊತ್ತಿತ್ತು. ನಾಚಿಕೆ ಆಗಿತ್ತು ಪಾಪ, ನನ್ನ ಮುಂದೆ."

ಸೊಸೆಯ ಕೈಯಲ್ಲಿ ಸೀಮೆಸುಣ್ಣ ಮುರಿಯಿತು. ಆಚೆ ತಿರುಗಿದ ಆ ಮುಖದಲ್ಲಿ ಏನಿತ್ತೆಂದು ಅವಳಿಗೆ ಗೊತ್ತು. ನಗು ತಡೆಯಲಾರದೆ ತಿರುಗಿದ್ದರು ಮಾವ.

ಅತ್ತೆ ಗೋಡೆ ಹಿಡಿದು ಎದ್ದು ಬಂದು, ದಿನಾ ಇಡುತ್ತಿದ್ದ ಜಾಗದಲ್ಲೇ ಅಂಗೈ ಇಟ್ಟರು.

"ಆ ಲೇಬಲ್ ಹಾಳೆನ ನಿನ್ನ ವೈನಿಗೆ ಅಂಟಿಸ್ತಾನೆ ನಿನ್ನ ಗಂಡ. ಅಂಟಿಸ್ಲಿ ಬಿಡು. ಅವರ ಹೆಸರಲ್ಲಿ ಒಳ್ಳೇದೂ ಒಂದು ಇರ್ಲಿ. ನಿಂಗೆ ಬೇಜಾರಿಲ್ಲ ತಾನೇ?"

"ಇಲ್ಲ ಅತ್ತೆ."

"ಸದ್ಯ, ತೆಗೀತೀನಿ ತೆಗೀತೀನಿ ಅಂತ ನೀನು ಕುಣಿದಾಗ ನಾನು ಬಿಡ್ಲಿಲ್ಲ" ಎಂದರು ಅತ್ತೆ. ಎರಡು ವರ್ಷಗಳಲ್ಲಿ ಮೊದಲ ಸಲ ಅವರ ದನಿಯಲ್ಲಿ ನೆಮ್ಮದಿ ಇತ್ತು. "ಬಿಟ್ಟಿದ್ರೆ ಆವತ್ತೇ ಎಲ್ಲರಿಗೂ ಗೊತ್ತಾಗ್ಬಿಡ್ತಿತ್ತು. ಎರಡು ವರ್ಷನಾದ್ರೂ ಅವರ ಮಾನ ಕಾಪಾಡ್ದೆ. ಅಲ್ವೇನೇ?"

"ಹೌದು ಅತ್ತೆ" ಎಂದಳು ಸೊಸೆ.